ವಂಶಸ್ಮೃತಿಯಲ್ಲಿ ವಲಸಿಗ ಪಾದ್ರಿ

ವಲಸೆ ಹೋದ ಪಾದ್ರಿಯ ಬದುಕನ್ನು ಅವನ ವಂಶಜರ ನೆನಪೊಂದರಿಂದಲೇ ಕಟ್ಟುವುದು ಸಂಶೋಧನೆಗೆ ಸಾಲದು. ಹರ್ಮನ್ ಗುಂಡರ್ಟ್ 1836ರಲ್ಲಿ ಜರ್ಮನಿಯಿಂದ ಭಾರತಕ್ಕೆ ಬಂದು, ಬಾಸೆಲ್ ಮಿಷನ್ ಪರವಾಗಿ ತಲಶ್ಶೇರಿಯಲ್ಲಿ ದುಡಿದು, 1859ರಲ್ಲಿ ಸ್ವದೇಶಕ್ಕೆ ಮರಳಿದರು. ಅವರ ಮಲಯಾಳಂ ನಿಘಂಟು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಗಳ ಮಗನಾದ ಕಾದಂಬರಿಕಾರ ಹರ್ಮನ್ ಹೆಸ್ಸೆಯ ಬಾಲ್ಯಸ್ಮೃತಿಯಲ್ಲಿ ಅವರು ಹಲವು ಭಾಷೆಗಳನ್ನು ಬಲ್ಲ ನಿಗೂಢ ಜ್ಞಾನವೃದ್ಧರು.

ಈ ಚಿತ್ರ ಸುಳ್ಳಲ್ಲ, ಅಪೂರ್ಣ. ಮತಪ್ರಚಾರದ ಉದ್ದೇಶ, ನುಡಿ ಕಲಿಸಿದ ಸ್ಥಳೀಯರ ಶ್ರಮ, ಪತ್ನಿ ಜೂಲಿ ನಡೆಸಿದ ಹೆಣ್ಣುಮಕ್ಕಳ ಶಾಲೆ ಇಂಥ ಸ್ಮೃತಿಯಲ್ಲಿ ಹಿಂದೆ ಸರಿಯುತ್ತವೆ. ಮೋಗ್ಲಿಂಗ್, ಕಿಟೆಲ್ ಅವರನ್ನು ಕುರಿತ ಕನ್ನಡ ಅಧ್ಯಯನಗಳಿಗೂ ಈ ಮಾತು ಸಲ್ಲುತ್ತದೆ. ಮನೆತನದ ಪತ್ರ, ದಿನಚರಿಗಳು ಅಮೂಲ್ಯ ಆಕರಗಳೇ ಸರಿ. ಆದರೆ ಅವು ಪಾದ್ರಿ ಕಂಡ ನಾಡನ್ನು ತೋರಿಸುತ್ತವೆಯೇ ಹೊರತು ನಾಡು ಕಂಡ ಪಾದ್ರಿಯನ್ನಲ್ಲ. ಆ ಎರಡನೆಯ ನೋಟವನ್ನು ಹುಡುಕಿದಾಗಲೇ ವಂಶಕಥನ ಚರಿತ್ರೆಯಾಗುತ್ತದೆ.