ಆ ವಿಮಾನ ಆ ದಿನ ಅಲ್ಲಿರಲಿಲ್ಲ (ಸ್ಕಿನ್ ಕಥೆ, ಭಾಗ 4)

ಡಿಸಿಎಸ್‌ನಲ್ಲಿ ಮಿಗ್-21ಬಿಸ್‌ಗೆ "ಢಾಕಾ 1971" ಅಂತ ಸ್ಕಿನ್ ಹಾಕ್ಕೊಂಡು ಹಾರಿಸ್ತಿರೋ ನನ್ನ ಕ್ಲಾಸ್‌ಮೇಟ್‌ಗಳೇ, ಬೇಜಾರ್ ಮಾಡ್ಕೋಬೇಡಿ. ಆ ವಿಮಾನ ಆ ದಿನ ಅಲ್ಲಿರಲೇ ಇಲ್ಲ.

1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಹೌಸ್ ಮೇಲೆ ರಾಕೆಟ್ ಹಾರಿಸಿದ್ದು ಮಿಗ್-21ಎಫ್‌ಎಲ್. ಬಿಸ್ ನಮ್ಮ ವಾಯುಪಡೆಗೆ ಬಂದಿದ್ದು ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ. ಬೆನ್ನಿನ ಉಬ್ಬು ಬೇರೆ, ಗನ್ ಬೇರೆ. ಬಿಸ್‌ಗೆ ಮೈಯೊಳಗೇ ಗನ್ ಇದೆ. ಎಫ್‌ಎಲ್‌ಗೆ ಬೇಕಾದ್ರೆ ಹೊಟ್ಟೆ ಕೆಳಗೆ ಪಾಡ್ ಕಟ್ಟಬೇಕಿತ್ತು. ನೀವು ಎಷ್ಟೇ ಚೆನ್ನಾಗಿ ಬಣ್ಣ ಬಳಿದ್ರೂ ಸ್ಕಿನ್ ಆಕಾರವನ್ನ ಬದಲಾಯಿಸಲ್ಲ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಸ್ಕಿನ್ ಅಂದ್ರೆ ಸಿಮ್ಯುಲೇಟರ್ ವಿಮಾನದ ಮೈಮೇಲೆ ಕೂರೋ ಚಿತ್ರ. ದರ್ಜಿ ಅಂಗಡೀಲಿ ತೋಳು, ಕಾಲರ್, ಬೆನ್ನು ಅಂತ ಬಟ್ಟೆ ಕತ್ತರಿಸಿಟ್ಟಿರ್ತಾರಲ್ಲ, ಹಾಗೇ ಟೆಂಪ್ಲೇಟ್‌ನಲ್ಲಿ ರೆಕ್ಕೆ, ಬಾಲ, ಹೊಟ್ಟೆ ಎಲ್ಲ ಚಪ್ಪಟೆಯಾಗಿ ಬಿಡಿಬಿಡಿಯಾಗಿರುತ್ತೆ. ಅದರ ಮೇಲೆ ಬಣ್ಣ, ಗುರುತು, ನಂಬರ್, ಮಸಿ ಎಲ್ಲ ನಾವು ಬರೀತೀವಿ.

"ಗೇಮ್ ಕಣೋ, ಇಷ್ಟೆಲ್ಲ ಯಾರು ನೋಡ್ತಾರೆ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸರಿ, ಬೇಲೂರಿಗೆ ಬನ್ನಿ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸ್ತಿರೋ ಸೀನ್ ಒಂದು ಗೇಮಲ್ಲಿದೆ, ಹಿಂದುಗಡೆ ಈಗಿರೋ ಎತ್ತರದ ಗೋಪುರ ನಿಂತಿದೆ ಅಂದ್ಕೊಳ್ಳಿ. ಆ ಗೋಪುರ ವಿಜಯನಗರದ ಕಾಲದ್ದು. ಹಳೇಬೀಡಿನ ಹೊಯ್ಸಳೇಶ್ವರದ ತಲೆ ಮೇಲೆ ಬಣ್ಣಬಣ್ಣದ ಶಿಖರ ಕೂರಿಸಿದ್ರೆ? ನಮ್ಮ ಜಿಲ್ಲೆಯೋರೇ ಮೊದಲು ರೇಗೋದು. ಮದನಿಕೆಯ ಬಳೆ ಎಣಿಸೋ ನಾವು ವಿಮಾನದ ವಿಷಯಕ್ಕೆ ಬಂದಾಗ ಮಾತ್ರ "ಏನೋ ಒಂದು" ಅಂತೀವಿ.

ಇದು ನಂಗೆ ಮುಖ್ಯ ಅನ್ಸೋದು ಒಬ್ಬ ಮನುಷ್ಯನಿಂದಾಗಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಸರ್ಗೋಧಾ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ತಂಡದಲ್ಲಿ ಅವರು ಸ್ಟ್ಯಾಂಡ್‌ಬೈ. ಬೇರೆಯವರ ಬದಲಿಗೆ ಹೋದರು, ವಾಪಸ್ ಬರಲಿಲ್ಲ. ಆಕಾಶದಲ್ಲಿ ಏನಾಯ್ತು ಅಂತ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಇಂಗ್ಲಿಷ್ ಲೇಖಕನ ಪುಸ್ತಕ ಬಂದಾಗಲೇ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್‌ನ ಒಂದು ಮಿಸ್ಟೇರ್ ಹೊಡೆದುರುಳಿಸಿತ್ತು ಅನ್ನೋದು ಬೆಳಕಿಗೆ ಬಂತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಎಫ್-104ನ ಅದರ ಅರ್ಧ ವೇಗದ ವಿಮಾನ ಗನ್ನಿನಲ್ಲಿ ಬೀಳಿಸಿತ್ತು! ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ.

ಈಗ ಇದಕ್ಕೊಂದು ಸ್ಕಿನ್ ಮಾಡ್ತೀರಿ ಅಂದ್ಕೊಳ್ಳಿ. ಇನ್‌ಸ್ಟಾದಲ್ಲಿ ಓಡೋದು ಯಾವುದು? ಇಡೀ ಮೈಗೆ ತ್ರಿವರ್ಣ, ಮೂಗಿನ ಮೇಲೆ ಹುಲಿ ಮುಖ, ರೆಕ್ಕೆ ಮೇಲೆ ದೊಡ್ಡದಾಗಿ ಹೆಸರು. ಲೈಕ್ ಬರುತ್ತೆ, ಒಪ್ತೀನಿ. ಆದ್ರೆ ಆಗ ನಮ್ಮ ಮಿಸ್ಟೇರ್‌ಗಳ ಮಾಮೂಲಿ ವೇಷ ಬರೀ ಲೋಹ. ಬಣ್ಣವಿಲ್ಲ, ಅಲಂಕಾರವಿಲ್ಲ, ಸ್ಟೀಲ್ ಪಾತ್ರೆ ಥರ. ನ್ಯಾಟ್‌ಗಳೂ ಹಾಗೇ. ಹಂಟರ್‌ಗಳು ಫ್ಯಾಕ್ಟರಿಯಿಂದಲೇ ಹಸಿರು-ಬೂದು ಬಣ್ಣದಲ್ಲಿ ಬಂದಿದ್ವು. ದೇವಯ್ಯನವರು ಹತ್ತಿದ್ದು ಸಾಲಲ್ಲಿ ನಿಂತಿದ್ದ ಒಂದು ಸಾಮಾನ್ಯ ವಿಮಾನ. ಅದಕ್ಕೆ ನಾವು ಸಿನಿಮಾ ಹೀರೋ ಡ್ರೆಸ್ ಹಾಕಿದ್ರೆ ಕಥೆಯ ಜೀವವೇ ಹೋಗುತ್ತೆ.

ಬರೀ ಲೋಹ ಅಂದ್ರೆ ಬೂದು ಬಣ್ಣ ತುಂಬಿ ಬಿಡೋದಲ್ಲ ಮತ್ತೆ. ಒಂದೊಂದು ತಗಡೂ ಒಂದೊಂದು ಥರ ಹೊಳೆಯುತ್ತೆ, ಎಂಜಿನ್ ಸುತ್ತ ಬಿಸಿಗೆ ಕಂದು ತಿರುಗಿರುತ್ತೆ, ಗನ್ ಬಾಯಿಯ ಹಿಂದೆ ಮಸಿ. ಹೊಳಪು ಎಷ್ಟು, ಒರಟು ಎಷ್ಟು ಅನ್ನೋದಕ್ಕೆ ಬೇರೆಯದೇ ಫೈಲ್ ಇರುತ್ತೆ, ಅದನ್ನ ಮುಟ್ಟದೆ ಬಣ್ಣದ ಫೈಲ್ ಒಂದನ್ನೇ ತಿದ್ದಿದ್ರೆ ಅಲ್ಯೂಮಿನಿಯಂ ಹೋಗಿ ಪ್ಲಾಸ್ಟಿಕ್ ಬಕೆಟ್ ಆಗುತ್ತೆ. ನನ್ನ ಪ್ರಕಾರ ಸ್ಕಿನ್ ಕೆಲಸದಲ್ಲಿ ಇದೇ ಕಷ್ಟದ್ದು. ಇದಕ್ಕೆ ಹೆದರಿಯೇ ಎಲ್ಲರೂ ಕ್ಯಾಮೊಫ್ಲಾಜ್ ಕಡೆ ಓಡೋದು.

ಆಮೇಲೆ ಗುರುತು. ನಮ್ಮ ರೌಂಡೆಲ್‌ನಲ್ಲಿ ಕೇಸರಿ ಹೊರಗೆ, ಹಸಿರು ನಡುವೆ. ಕಪ್ಪು-ಬಿಳುಪು ಫೋಟೋದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಬೂದು ಆಗಿ ಕಾಣ್ತವೆ, ಅಲ್ಲೇ ಉಲ್ಟಾ ಆಗೋದು. ಈ ಗುರುತು 1950ರಿಂದ ಇರೋದು. ಅದಕ್ಕೂ ಮೊದಲು, ಸ್ವಾತಂತ್ರ್ಯ ಬಂದಾಗಿನಿಂದ, ಅಶೋಕ ಚಕ್ರ ಇತ್ತು. 1944ರಲ್ಲಿ ಅರ್ಜನ್ ಸಿಂಗ್ ಮುಂದಾಳತ್ವದ 1ನೇ ಸ್ಕ್ವಾಡ್ರನ್ ಇಂಫಾಲದಲ್ಲಿ ಹರಿಕೇನ್ ಹಾರಿಸ್ತಿದ್ದಾಗ ಗುರುತಿನಲ್ಲಿ ಕೆಂಪೇ ಇರಲಿಲ್ಲ. ಜಪಾನಿನ ಕೆಂಪು ಸೂರ್ಯ ಅಂದ್ಕೊಂಡು ನಮ್ಮೋರೇ ಹೊಡೆದುಬಿಟ್ರೆ? ಅದಕ್ಕೇ ತೆಗೆದು ಎರಡು ನೀಲಿ ಮಾತ್ರ ಉಳಿಸಿದ್ರು. ಐಎಲ್-2ನಲ್ಲಿ ಹರಿಕೇನ್ ಹಾರಿಸೋರು ಇದನ್ನ ಗಮನಿಸಿ. ಬಾಲದ ಹತ್ತಿರದ ನಂಬರ್ ಕೂಡ ಅಷ್ಟೇ: ಹಂಟರ್‌ಗೆ ಬಿಎ, ಮಿಸ್ಟೇರ್‌ಗೆ ಐಎ, ಜಾಗ್ವಾರ್‌ಗೆ ಜೆಎಸ್. ಫೋಟೋದಲ್ಲಿ ಅಂಕಿ ಓದೋಕೆ ಆಗ್ತಿಲ್ವಾ, ಖಾಲಿ ಬಿಡಿ. ಅಂದಾಜಿಗೆ ಒಂದು ನಂಬರ್ ಬರೆದ್ರೆ ಅದು ಇನ್ಯಾರೋ ಪೈಲಟ್ ಹಾರಿಸಿದ ವಿಮಾನ ಆಗಿರಬಹುದು. ಅವರ ಮನೆಯೋರೂ ನಿಮ್ಮ ಪೋಸ್ಟ್ ನೋಡಬಹುದು.

ಬಣ್ಣವನ್ನ ಹಾರ್ತಿರೋ ವಿಮಾನದ ಫೋಟೋದಿಂದ ಹಾಗೇ ಎತ್ಕೋಬೇಡಿ. ಮಾಲೇಕಲ್ಲು ಬೆಟ್ಟ ಹತ್ತಿ ಕೆಳಗಿನ ತೆಂಗಿನ ತೋಟ ನೋಡಿದ್ದೀರಲ್ಲ, ಒಳಗೆ ನಿಂತಾಗಿನ ಹಸಿರು ಮೇಲಿಂದ ಎಲ್ಲಿ ಕಾಣುತ್ತೆ? ಮಧ್ಯದ ಗಾಳಿ, ಧೂಳು ಬಣ್ಣ ತಿಂದುಬಿಡುತ್ತೆ. ಸಿಮ್ಯುಲೇಟರ್ ತನ್ನ ಬೆಳಕಲ್ಲಿ ಆ ಮಬ್ಬನ್ನ ತಾನೇ ಹಾಕುತ್ತೆ. ನೀವೂ ಹಾಕಿದ್ರೆ ಎರಡು ಸಲ ಮಬ್ಬು. ಮ್ಯೂಸಿಯಂ ವಿಮಾನದ ಬಣ್ಣವನ್ನೂ ನಂಬಬೇಡಿ, ಮಳೆ ಬಿಸಿಲಿಗೆ ನಿಂತಿದ್ದಕ್ಕೆ ಎಷ್ಟು ಸಲ ಹೊಸ ಪೇಂಟ್ ಬಿದ್ದಿರುತ್ತೋ. ಆದ್ರೆ ತಗಡಿನ ಗೆರೆ, ರಿವೆಟ್, ಮುಚ್ಚಳಗಳ ಜಾಗ ಸುಳ್ಳು ಹೇಳಲ್ಲ.

ಹಾಗಾದ್ರೆ ಬಿಸ್ ಮೇಲೆ 1971ರ ಬಣ್ಣ ಹಾಕ್ಲೇಬಾರದಾ? ಹಾಕಿ. ಗೇಮಲ್ಲಿ ಎಫ್‌ಎಲ್ ಇಲ್ಲ, ಏನ್ ಮಾಡೋಕಾಗುತ್ತೆ. ಆದ್ರೆ ಹೆಸರಲ್ಲೇ "ಎಫ್‌ಎಲ್ ಬದಲಿಗೆ" ಅಂತ ಬರೀರಿ. ಮೂರು ಸೆಕೆಂಡ್ ಕೆಲಸ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಗೆ ವಿದಾಯ ಹೇಳಿದ್ರು. ಇನ್ನು ನಮಗಿಂತ ಚಿಕ್ಕವರು ಅದನ್ನ ಆಕಾಶದಲ್ಲಿ ನೋಡಲ್ಲ, ಸ್ಕ್ರೀನಲ್ಲೇ ನೋಡೋದು. ನಾವು ತೋರಿಸಿದ್ದೇ ಅವರಿಗೆ ಮಿಗ್.

ನನ್ನ ಮುಂದಿನ ಕೆಲಸ ಎಚ್‌ಎಫ್-24 ಮಾರುತ್. ಬೆಂಗಳೂರಲ್ಲೇ ಹುಟ್ಟಿದ್ದು, 1961ರ ಜೂನ್ 17ರಂದು ಅದನ್ನ ಮೊದಲು ಹಾರಿಸಿದ್ದು ಸುರಂಜನ್ ದಾಸ್. 1970ರಲ್ಲಿ ಮಾರುತ್ ಹಾರಾಟದಲ್ಲೇ ತೀರಿಕೊಂಡ್ರು. ನೀವು ಟ್ರಾಫಿಕ್ಕಲ್ಲಿ ಬೈಕೊಂಡು ಕೂರೋ ಸುರಂಜನ್ ದಾಸ್ ರೋಡ್ ಅವರದೇ ಹೆಸರಿಂದು. ಬೆಂಗಳೂರಿಗೆ ಹೋಗೋರು ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋದಾಗ ಅಲ್ಲಿನ ಮಾರುತ್ ಫೋಟೋ ಕಳಿಸ್ತೀರಾ? ಸೆಲ್ಫಿ ಬೇಡ. ಬಗ್ಗಿ ಹೊಟ್ಟೆ ಕೆಳಗಿಂದು, ಚಕ್ರದ ಬಾಗಿಲಿಂದು, ರೆಕ್ಕೆ ಮೈಗೆ ಸೇರೋ ಜಾಗದ್ದು. ನೇರವಾಗಿ, ಫಿಲ್ಟರ್ ಹಾಕದೆ.