ಬಿಟ್ಟಿ ಯಾರದು?

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದಾಗ, ‘ಹೆಂಗಸರಿಗೆ ಬಿಟ್ಟಿ ದುಡ್ಡು’ ಎಂದು ಹಲುಬಿದವರು ಕಡಿಮೆಯೇನಲ್ಲ. ಹಾಗಾದರೆ ಇಷ್ಟು ಕಾಲ ಬಿಟ್ಟಿ ದುಡಿದವರು ಯಾರು ಸ್ವಾಮಿ?

ಅರಕಲಗೂಡಿನ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕೈಗಳು ಬಹುಪಾಲು ಹೆಂಗಸರವು. ರಾಮನಾಥಪುರದ ಹರಾಜಿನ ಹಣ ಮಾತ್ರ ಲೈಸೆನ್ಸ್ ಇದ್ದವನ ಖಾತೆಗೆ. ಹೊಳೆನರಸೀಪುರದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲೇ! ಚನ್ನರಾಯಪಟ್ಟಣದ ಕಡೆ ಹಸು ಮೇಯಿಸಿ, ಹಾಲು ಕರೆದು ಡೇರಿಗೆ ಹಾಕುವವಳ ಗಂಡನನ್ನು ಕೇಳಿ: ‘ನಮ್ಮವಳು ಮನೇಲೇ ಇರ್ತಾಳೆ’ ಎನ್ನುತ್ತಾನೆ. ಹಾಸನದ ಮೊಹಲ್ಲಾಗಳಲ್ಲಿ ಹೊಲಿಗೆ ಮೆಷಿನ್ ತುಳಿಯುವವಳೂ ಹೀಗೇ ‘ಮನೇಲೇ’ ಇರುವವಳು. ಮುಸ್ಲಿಂ ಮಹಿಳೆಯರ ದುಡಿಮೆ ಮನೆಯೊಳಗಿನ ಕಡಿಮೆ ಕೂಲಿಯ ಕೆಲಸಗಳಲ್ಲೇ ಸಿಕ್ಕಿಕೊಂಡಿದೆ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು.

ಮನೆಯ ಆದಾಯ ಎಂದು ಒಂದೇ ಅಂಕಿ ಬರೆದುಕೊಂಡರೆ ಇದಾವುದೂ ಕಾಣುವುದಿಲ್ಲ. ಮನೆ ಮನೆಯ ನಡುವೆ ಜಾತಿಯ ಜರಡಿ, ಮನೆಯೊಳಗೆ ಗಂಡು ಹೆಣ್ಣಿನ ಜರಡಿ. ದೇವರಾಜ ಅರಸು ಅವರ 1974ರ ಭೂಸುಧಾರಣೆ ಉಳುವ ಗೇಣಿದಾರನಿಗೆ ಒಡೆತನ ಕೊಟ್ಟಿತು, ದೊಡ್ಡ ಕೆಲಸವೇ. ಆದರೆ ಗೇಣಿಗೂ ನೆಲ ಸಿಗದೆ ಕೂಲಿಯಲ್ಲೇ ಬದುಕಿದ್ದ ದಲಿತನಿಗೆ ಆ ಹಕ್ಕು ಎಲ್ಲಿಂದ ಬರಬೇಕು? ಅವನ ಹೆಂಡತಿ ಎರಡೂ ಜರಡಿಗಳ ಕೆಳಗೆ ಬಿದ್ದವಳು.

ಇನ್ನು ಪಾಲಿನ ಮಾತು. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಇಸ್ಲಾಂ ಹದಿನಾಲ್ಕು ಶತಮಾನಗಳ ಹಿಂದೆಯೇ ಹೆಣ್ಣಿಗೆ ಪಾಲು ಕೊಟ್ಟಿತೆಂದು ನಮ್ಮವರು ವೇದಿಕೆಯಲ್ಲಿ ಎದೆಯುಬ್ಬಿಸುತ್ತಾರೆ. ಕೊಡುವ ಹೊತ್ತು ಬಂದಾಗ ‘ಮದುವೆಗೆ ಖರ್ಚು ಮಾಡಿಲ್ಲವೇ ಬೇಟಿ’ ಎನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಗೌರಮ್ಮ, ಫಾತಿಮಾ ಇಬ್ಬರ ಭಯವೂ ಒಂದೇ: ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು. ಈ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಎಂಥ ಕೋಮು ಸೌಹಾರ್ದ!

ಎರಡು ಸಾವಿರ ರೂಪಾಯಿ ಈ ಸಾಲ ತೀರಿಸದು. ಎಷ್ಟೋ ಹೆಂಗಸರಿಗೆ ಅದು ಸ್ವಂತ ಹೆಸರಿನಲ್ಲಿ ಕೈಸೇರಿದ ಮೊದಲ ಹಣ, ಅಷ್ಟೆ. ಅದನ್ನು ಬಿಟ್ಟಿ ಎನ್ನುವವರು ಮೊದಲು ಪಹಣಿಯಲ್ಲಿ ಆಕೆಯ ಹೆಸರು ಸೇರಿಸಲಿ, ಹೆಣ್ಣಾಳಿಗೆ ಗಂಡಾಳಿನ ಕೂಲಿ ಕೊಡಲಿ, ತಂಗಿಯ ಪಾಲನ್ನು ತಂಗಿಗೆ ಒಪ್ಪಿಸಲಿ. ಆಮೇಲೆ ಯಾರು ಯಾರ ಋಣದಲ್ಲಿದ್ದಾರೆಂದು ಕೂತು ಲೆಕ್ಕ ಹಾಕೋಣ.