ಒಂದೇ ಡಿಸ್ಕಿನಲ್ಲಿ ಕನ್ನಡ ಎಷ್ಟು ದಿನ?



ನವೆಂಬರ್ ಬಂತೆಂದರೆ ಕಾರಟಗಿಯ ನಮ್ಮ ಪ್ರೆಸ್ಸಿಗೆ ಬಿಡುವಿಲ್ಲ. ಕರಪತ್ರ, ಬ್ಯಾನರು, ಆಮಂತ್ರಣ, ಸ್ಮರಣ ಸಂಚಿಕೆ. ಸಂಘಟನೆಯ ಹುಡುಗರು ಬಂದು, "ಅಣ್ಣಾ, ಹೋದ ವರ್ಷದ ಮ್ಯಾಟರ್ ನಿಮ್ಮ ಕಂಪ್ಯೂಟರಿನ್ಯಾಗ ಐತಲ್ಲ, ತಾರೀಖು ಬದಲು ಮಾಡಿ ಹೊಡೀರಿ" ಅನ್ನುತ್ತಾರೆ. ಕಂಪ್ಯೂಟರಿನೊಳಗೆ ಹೋದದ್ದು ಅಲ್ಲೇ ಇರುತ್ತದೆ ಎಂಬ ನಂಬಿಕೆ ಅವರದು. ನನಗೂ ಅದೇ ನಂಬಿಕೆ ಇತ್ತು. ಅದಕ್ಕೆ ನಾನು ತೆತ್ತ ಬೆಲೆಯನ್ನು ಇಲ್ಲಿ ಹೇಳುತ್ತೇನೆ. ನಾಚಿಕೆಯಾದರೂ ಹೇಳುತ್ತೇನೆ. ನಿಮಗೆ ಆ ಗತಿ ಬರಬಾರದು.

ನಮ್ಮ ಭಾಗದ ನಿವೃತ್ತ ಮಾಸ್ತರರೊಬ್ಬರು ಹತ್ತಾರು ವರ್ಷ ಹಳ್ಳಿ ತಿರುಗಿ ಬೀಸುವ ಪದ, ಸೋಬಾನೆ ಪದ, ಹಂತಿ ಪದ ಬರೆದುಕೊಂಡಿದ್ದರು. ಕಾಲುವೆ ಬಂತು, ಭತ್ತ ಬಂತು, ರೈಸ್ ಮಿಲ್ಲು ಬಂತು. ಬೀಸುವ ಕಲ್ಲು ಮೂಲೆ ಸೇರಿತು, ಹಂತಿ ಹೊಡೆಯುವ ಕಣ ಹೋಯಿತು. ಪದ ಮಾತ್ರ ನಾಲ್ಕಾರು ಮುದುಕಿಯರ ಬಾಯಲ್ಲಿ ಉಳಿದಿತ್ತು. ಆ ಪದಗಳನ್ನು ನಮ್ಮ ಪ್ರೆಸ್ಸಿನಲ್ಲೇ ಡಿಟಿಪಿ ಮಾಡಿ ಮುನ್ನೂರು ಪ್ರತಿ ಅಚ್ಚು ಹಾಕಿದೆವು. ಮಾಸ್ತರರು ಸುಮ್ಮನೆ ಕೂಡಲಿಲ್ಲ. ಮತ್ತೆರಡು ವರ್ಷ ತಿರುಗಿ ಇನ್ನೂ ನಲವತ್ತು ಪದ ತಂದರು. ಎರಡನೇ ಮುದ್ರಣಕ್ಕೆಂದು ಅವನ್ನೂ ಟೈಪ್ ಮಾಡಿ ಇಟ್ಟೆವು. ಪ್ರೂಫ್ ನೋಡಿದ ಮೇಲೆ ಕೈಬರಹದ ಹಾಳೆಗಳು ರದ್ದಿಗೆ ಹೋದವು. ಕಂಪ್ಯೂಟರಿನಲ್ಲಿ ಇದೆಯಲ್ಲ, ಹಾಳೆ ಯಾಕೆ?

ಮಾಸ್ತರರು ತೀರಿಕೊಂಡರು. ಒಂದು ಬೇಸಿಗೆಯಲ್ಲಿ ನಮ್ಮ ಹಾರ್ಡ್ ಡಿಸ್ಕೂ ಕಟ್ ಕಟ್ ಎಂದು ಸದ್ದು ಮಾಡಿ ತೀರಿಕೊಂಡಿತು. ರಿಪೇರಿಗೆ ಕಳಿಸಿದೆ. ದುಡ್ಡು ಹೋಯಿತು, ಫೈಲು ಬರಲಿಲ್ಲ. ಟೇಬಲ್ಲಿನ ಡ್ರಾದಲ್ಲಿ ಹಳೆಯ ಸಿಡಿಯೊಂದು ಸಿಕ್ಕಿತು. ಓದಿತು! ಆದರೆ ಫೈಲು ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಡಿಗಳ ಕಲಸುಮೇಲೋಗರ. ಆ ಕಾಲದ ಫಾಂಟು ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ. ಊರೂರಿನ ಡಿಟಿಪಿ ಗೆಳೆಯರನ್ನು ಕೇಳಿ ಫಾಂಟು ಹುಡುಕುವುದಕ್ಕೆ ಎಂಟು ದಿನ ಹಿಡಿಯಿತು. ಕೊನೆಗೆ ನಲವತ್ತರಲ್ಲಿ ಇಪ್ಪತ್ತೆರಡು ಪದ ಸಿಕ್ಕವು. ಹದಿನೆಂಟು ಹೋದವು. ಹಾಡಿದ ಮುದುಕಿಯರಿಲ್ಲ, ಬರೆದುಕೊಂಡ ಮಾಸ್ತರರಿಲ್ಲ. ಆ ಹದಿನೆಂಟು ಪದ ಇನ್ನು ಈ ಭೂಮಿಯ ಮೇಲಿಲ್ಲ. ಅವನ್ನು ಕೊಂದವನು ಪರಭಾಷೆಯವನಲ್ಲ, ದಿಲ್ಲಿಯವನಲ್ಲ. ಪ್ರೆಸ್ಸಿನ ಬಾಗಿಲಿಗೆ ಕೆಂಪು ಹಳದಿ ಬಾವುಟ ಕಟ್ಟಿಕೊಂಡ ನಾನೇ!

ನಮ್ಮ ಹಿರಿಯರಿಗೆ ಈ ಬುದ್ಧಿ ಇತ್ತು. ಅತ್ತಿಮಬ್ಬೆಯನ್ನು ನೆನೆಯಿರಿ. ಸಾವಿರ ವರ್ಷದ ಹಿಂದೆ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಗೆದ್ದಲು, ಬೆಂಕಿ, ಮಳೆ ಆಗಲೂ ಇದ್ದವು. ಒಂದು ಓಲೆ ಹೋದರೆ ಇನ್ನೊಂದು ಊರಿನಲ್ಲಿ ಇನ್ನೊಂದು ಓಲೆ ಇರಲಿ ಎಂಬುದೇ ಲೆಕ್ಕ. ಆಕೆಯ ಲಕ್ಕುಂಡಿ ನಮಗೇನು ದೂರವಲ್ಲ. ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನದ ಓಲೆ ಕೂಡಿಸಿ, 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ತಂದರು. ಮುಂದೆ ಬಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಮಠದಲ್ಲಿ ಒಂದು, ಮನೆಯಲ್ಲಿ ಒಂದು ಎಂದು ಯಾರೋ ನಕಲು ಮಾಡಿ ಇಟ್ಟಿದ್ದರಿಂದಲೇ ಅವರ ಕೈಗೆ ವಚನ ಸಿಕ್ಕಿತು.

ಇನ್ನೂ ಹತ್ತಿರದ ಮಾತು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದೇ ಮಾತು ಅದೇ ಊರಿನ ಪಾಲ್ಕಿಗುಂಡಿನಲ್ಲಿದೆ, ಮಸ್ಕಿಯಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಒಂದೇ ಮಾತು, ಹಲವು ಬಂಡೆ. ಒಂದು ಕಡೆ ಸವೆದ ಅಕ್ಷರವನ್ನು ಇನ್ನೊಂದು ಕಡೆ ನೋಡಿ ಓದಬಹುದು. ಆದರೆ ಇದರಲ್ಲಿ ಎಚ್ಚರಿಕೆಯೂ ಒಂದಿದೆ. ಕಲ್ಲು ಉಳಿದರೂ ಬ್ರಾಹ್ಮಿ ಲಿಪಿ ಓದುವವರು ನೂರಾರು ವರ್ಷ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟು ಬಿಡಿಸುವ ತನಕ ಅಶೋಕನ ಮಾತೆಲ್ಲ ಬರೀ ಗೀರು. ನನ್ನ ಸಿಡಿಯ ಕಥೆಯೂ ಅದೇ ತಾನೇ? ಫೈಲು ಉಳಿದರೆ ಸಾಲದು, ಓದಲಿಕ್ಕೆ ಬರಬೇಕು.

ಹಾಗಾದರೆ ನಂಬಬಹುದಾದ ದಾರಿ ಯಾವುದು? ಅಂಗಡಿಯವನನ್ನು ಕೇಳಿದರೆ ತನ್ನಲ್ಲಿರುವ ಸರಕನ್ನೇ ತೋರಿಸುತ್ತಾನೆ. ನಾನು ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ.

ಮೊದಲಿಗೆ, ಯಾವ ಸಾಧನವೂ ಶಾಶ್ವತವಲ್ಲ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಮುಳ್ಳು ಕೂದಲೆಳೆಗಿಂತಲೂ ಎಷ್ಟೋ ಸಣ್ಣ ಅಂತರದಲ್ಲಿ ತಟ್ಟೆಯ ಮೇಲೆ ತೇಲುತ್ತಿರುತ್ತದೆ. ಡಿಸ್ಕು ಕೈಜಾರಿ ಬಿದ್ದರೆ, ಕರೆಂಟು ಹೊಯ್ದಾಡಿದರೆ ಕಥೆ ಮುಗಿಯಿತು. ಪೆನ್ ಡ್ರೈವ್, ಎಸ್‌ಎಸ್‌ಡಿಗಳಲ್ಲಿ ತಿರುಗುವುದು ಏನೂ ಇಲ್ಲ, ನಿಜ. ಆದರೆ ಅಕ್ಷರವೆಲ್ಲ ವಿದ್ಯುತ್ ಕಣಗಳ ರೂಪದಲ್ಲಿ ಕೂತಿರುತ್ತದೆ. ವರ್ಷಗಟ್ಟಲೆ ಕರೆಂಟು ಕೊಡದೆ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಸೋರಿ ಹೋಗಬಹುದು. ಪೆನ್ ಡ್ರೈವ್ ಸಾಗಿಸುವ ಚೀಲ, ಕಣಜವಲ್ಲ. ಬರೆಯುವ ಸಿಡಿಯಲ್ಲಿರುವುದು ಬಣ್ಣದ ಲೇಪ. ಬಿಸಿಲು, ಸೆಖೆ ತಾಗಿದರೆ ಕೆಡುತ್ತದೆ.

ಆದ್ದರಿಂದ ಸಾಧನವನ್ನು ನಂಬಬೇಡಿ, ಲೆಕ್ಕವನ್ನು ನಂಬಿ. ಜಗತ್ತಿನ ತುಂಬ ತಿಳಿದವರು ಹೇಳುವ ಲೆಕ್ಕ ಮೂರು, ಎರಡು, ಒಂದು. ಒಟ್ಟು ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನದಲ್ಲಿ ಇರಲಿ. ಅವುಗಳಲ್ಲಿ ಒಂದು ಮನೆಯ ಹೊರಗೆ, ಬೇರೆ ಊರಿನಲ್ಲಿ ಇರಲಿ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಓದುವ ಹುಡುಗರೇ, ಒಂದು ಪ್ರತಿ ನಿಮ್ಮ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಊರಲ್ಲಿ ಅವ್ವನ ಟ್ರಂಕಿನಲ್ಲೋ ಇಂಟರ್ನೆಟ್ಟಿನ ಕ್ಲೌಡಿನಲ್ಲೋ ಇರಲಿ. ಟ್ರಂಕಿನ ಡಿಸ್ಕನ್ನು ಊರಿಗೆ ಹೋದಾಗಲೆಲ್ಲ ತೆಗೆದು ಹೊಸದನ್ನು ಸೇರಿಸಿ.

ಹೊರಗಿನ ಡಿಸ್ಕನ್ನು ನಕಲು ಮಾಡಿದ ಕೂಡಲೇ ಬಿಚ್ಚಿಡಿ. ಸದಾ ಸಿಕ್ಕಿಸಿಟ್ಟರೆ ವೈರಸ್ಸು ಎರಡನ್ನೂ ನುಂಗುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬುದು ಬಂದು ಜಗತ್ತಿನ ಆಸ್ಪತ್ರೆ, ಕಚೇರಿಗಳ ಫೈಲುಗಳಿಗೆಲ್ಲ ಬೀಗ ಹಾಕಿ ಒತ್ತೆಹಣ ಕೇಳಿತು. ಬಿಚ್ಚಿಟ್ಟ ಪ್ರತಿ ಇದ್ದವರು ಹಣ ಕೊಡದೆ ಎದ್ದು ನಿಂತರು.

ಕ್ಲೌಡ್ ಒಳ್ಳೆಯದೇ, ಆದರೆ ಅದೊಂದನ್ನೇ ನೆಚ್ಚಬೇಡಿ. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋ ಎಲ್ಲವೂ ಅದರಲ್ಲೇ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನೂ ಅವರು 2023ರಲ್ಲಿ ತಂದಿದ್ದಾರೆ. ಇನ್ನೊಂದು ಮಾತು ನೆನಪಿಡಿ, ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ಅದೂ ಖಾಲಿ.

ಇಷ್ಟು ಮಾಡಿದರೂ ಸಾಲದು. ಇಟ್ಟದ್ದನ್ನು ತೆರೆದು ನೋಡಬೇಕು. 1998ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ ಟಾಯ್ ಸ್ಟೋರಿ 2 ಚಿತ್ರದ ಫೈಲುಗಳನ್ನು ಯಾರೋ ತಪ್ಪು ಆಜ್ಞೆ ಕೊಟ್ಟು ಅಳಿಸಿದರು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಹಸುಗೂಸಿನ ತಾಯಿಯೊಬ್ಬಳು ಮನೆಯಿಂದ ಕೆಲಸ ಮಾಡಲೆಂದು ಒಯ್ದಿದ್ದ ಪ್ರತಿಯಿಂದ ಸಿನಿಮಾ ಉಳಿಯಿತು. ಅಷ್ಟು ದೊಡ್ಡ ಕಂಪನಿಯ ಗತಿಯೇ ಹೀಗಾದರೆ ನಮ್ಮದೇನು? ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುತ್ತೇವೆ. ನಾನು ಈಗ ಕಾಯಿ ಒಡೆಯುವ ಮೊದಲು ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಐದು ಫೈಲು ತೆರೆದು ಓದುತ್ತೇನೆ. ಓದಲು ಬಂದರೆ ಪೂಜೆ.

ಈಗ ಕನ್ನಡದ ಮಾತು. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಫೈಲಿನೊಳಗೆ ನಿಜವಾಗಿ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕಣ್ಣಿಗೆ ಕನ್ನಡ ಕಾಣುವಂತೆ ಮಾಡಿರುತ್ತಾರೆ. ಆ ಕಾಲದಲ್ಲಿ ಈ ಫಾಂಟುಗಳು ಕನ್ನಡವನ್ನು ಕಂಪ್ಯೂಟರಿಗೆ ತಂದವು. ಆ ಋಣ ನಮ್ಮ ಮೇಲಿದೆ. ಆದರೆ ಫಾಂಟು ಹೋದರೆ ಕನ್ನಡ ಹೋಗುತ್ತದೆ. ಯುನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಆ ಜಾಗ ತಮಿಳಿಗೂ ಸೇರದು, ಇಂಗ್ಲಿಷಿಗೂ ಸೇರದು. ಯಾವ ಫಾಂಟು ಬದಲಾದರೂ ಕ ಎಂಬುದು ಕ ಆಗಿಯೇ ಉಳಿಯುತ್ತದೆ.

ಹಾಗಾಗಿ ಹಳೆಯ ಫೈಲುಗಳನ್ನು ಇಂದೇ ಯುನಿಕೋಡಿಗೆ ಬದಲಿಸಿ. ಬಿಟ್ಟಿ ಪರಿವರ್ತಕಗಳಿವೆ. ಅರ್ಕಾವೊತ್ತು ತಪ್ಪಬಹುದು, ಒಮ್ಮೆ ಪ್ರೂಫ್ ನೋಡಿ. ಪೇಜ್‌ಮೇಕರ್ ಫೈಲಿದ್ದರೆ ಇನ್ನೂ ಅವಸರ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಪುಟವನ್ನು ಫಾಂಟು ಸಮೇತ ಪಿಡಿಎಫ್ ಮಾಡಿ, ಪಠ್ಯವನ್ನು ಬೇರೆಯಾಗಿ ಯುನಿಕೋಡಿನಲ್ಲಿ ಇಡಿ, ಮೂಲ ಫಾಂಟಿನ ಫೈಲನ್ನೂ ಪಕ್ಕದಲ್ಲೇ ಇಡಿ. ಸಂಘಟನೆಗಳ ಗೆಳೆಯರೇ, ನಿಮ್ಮ ಹಳೆಯ ಮನವಿಪತ್ರ, ಹೋರಾಟದ ಫೋಟೋ, ಸದಸ್ಯರ ಪಟ್ಟಿ ಯಾರ ಕಂಪ್ಯೂಟರಿನಲ್ಲಿವೆ? ಆತ ಊರು ಬಿಟ್ಟರೆ ನಿಮ್ಮ ಚರಿತ್ರೆ ಎಲ್ಲಿ? ನಾಮಫಲಕದಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುವ ನಾವು, ನಮ್ಮದೇ ಡಿಸ್ಕಿನಲ್ಲಿ ಕನ್ನಡ ಅಳಿಯುವುದನ್ನು ನೋಡುತ್ತ ಕೂರಬೇಕೇ?

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಈ ಭಾನುವಾರ ಎರಡು ತಾಸು ತೆಗೆದಿಡಿ. ಅಜ್ಜಿಯ ಹಾಡು, ಅಪ್ಪನ ಪತ್ರ, ನಿಮ್ಮ ಕವಿತೆ, ಸಂಘದ ಕಾಗದ, ಮೊಬೈಲಿನಲ್ಲಿರುವ ಧ್ವನಿಮುದ್ರಿಕೆ, ಯಾವುದು ಹೋದರೆ ಮತ್ತೆ ಹುಟ್ಟುವುದಿಲ್ಲವೋ ಅದನ್ನು ಮೊದಲು ನಕಲು ಮಾಡಿ. ಸಿನಿಮಾ, ರೀಲ್ಸು ಆಮೇಲೆ.

ಮಾಸ್ತರರ ಪುಸ್ತಕ ಈ ವರ್ಷ ಮತ್ತೆ ಅಚ್ಚಾಗುತ್ತಿದೆ, ಸಿಕ್ಕ ಇಪ್ಪತ್ತೆರಡು ಪದಗಳೊಂದಿಗೆ. ಕೊನೆಗೆ ಹದಿನೆಂಟು ಪದಗಳ ಜಾಗದಲ್ಲಿ ಒಂದು ಖಾಲಿ ಹಾಳೆ ಬಿಟ್ಟಿದ್ದೇನೆ. ಆ ಹಾಳೆಯ ಖರ್ಚು ನನ್ನದು.